ಪಟ್ಟಿಯಲ್ಲಿ ಮೂರನೆಯ ಹೆಸರು

“ಅಮ್ಮಾ, ಊರಿಗೆಲ್ಲ ಗಾಲಿಕುರ್ಚಿ ಕೊಡೋ ಸೈಕಲ್ ತಾತ, ಅಜ್ಜಿನ ಮಾತ್ರ ಯಾಕೆ ಕಾಲೊರೆಸೋ ಮ್ಯಾಟ್ ಮೇಲೆ ಎಳ್ಕೊಂಡು ಹೋಗ್ತಾರೆ?”

ಬೆಳಿಗ್ಗೆ ತಲೆ ಬಾಚಿಸಿಕೊಳ್ಳುತ್ತಾ ಮಗಳು ಕೇಳಿದಳು. ಜಡೆ ಹಾಕಿ ಮುಗಿಸಿದೆ.

ಪಕ್ಕದ ಮನೆಯ ತಾತನದು ಸೈಕಲ್ ರಿಪೇರಿ ಅಂಗಡಿ, ಮನೆಯ ಮುಂದಿನ ಕೋಣೆಯಲ್ಲೇ. ಇಪ್ಪತ್ತು ವರ್ಷದಿಂದ, ಜನ ಬಿಸಾಡಿದ ಗಾಲಿಕುರ್ಚಿಗಳನ್ನು ತಂದು ಸರಿಮಾಡಿ ನಡೆಯಲಾಗದವರಿಗೆ ಸುಮ್ಮನೆ ಕೊಡುತ್ತಾರೆ. ಬೇಡವಾದಾಗ ವಾಪಸು ತರಬೇಕು, ಅಷ್ಟೇ ಷರತ್ತು. ಮೊನ್ನೆಯ ತನಕ ಇರುವ ಹನ್ನೊಂದೂ ಜನರ ಮನೆಗಳಲ್ಲೇ ಇದ್ದವು. ಕಾಯುವವರ ಪಟ್ಟಿ ಬರೆಯುವವಳು ನಾನು. ತಾತನ ಅಕ್ಷರ ತಾತನಿಗೇ ಓದಲು ಬಾರದು.

ಹೋದ ತಿಂಗಳು ತಾತನ ಹೆಂಡತಿ, ಅಜ್ಜಿ, ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಕೈಯಲ್ಲಿದ್ದ ದುಡ್ಡೆಲ್ಲ ಆಸ್ಪತ್ರೆಗೇ ಹೋಯಿತು, ಹೊಸ ಗಾಲಿಕುರ್ಚಿ ಕೊಳ್ಳುವ ಹಾಗಿರಲಿಲ್ಲ. ಮನೆಗೆ ಬಂದ ದಿನ ತಾತ ಅವರ ಹೆಸರು ಬರೆಸಿದರು, ಎಲ್ಲರ ಹಾಗೆ ಕೊನೆಯಲ್ಲಿ. ಮೂರನೆಯದು. ಪ್ಲಾಸ್ಟಿಕ್ ಕುರ್ಚಿಯ ಕಾಲಡಿಗೆ ಮ್ಯಾಟ್ ಹಾಸಿ, ಹಗ್ಗ ಕಟ್ಟಿ, ಮಂಚದಿಂದ ಬಚ್ಚಲಿಗೆ ಎಳೆಯುತ್ತಾರೆ. ಹೊಸ್ತಿಲು ದಾಟಿಸಲು ನನ್ನನ್ನು ಕೂಗುತ್ತಾರೆ. ಮೊದಮೊದಲು ಅಜ್ಜಿ, “ನನ್ನ ಡ್ರೈವರ್‌ಗೆ ಲೈಸೆನ್ಸ್ ಇಲ್ಲ ಕಣೇ” ಅನ್ನುತ್ತಿದ್ದರು. ಈಚೆಗೆ ಗೋಡೆ ನೋಡುತ್ತಾರೆ.

ಮೊನ್ನೆ ಒಂದು ಕುರ್ಚಿ ವಾಪಸು ಬಂತು. ಅದರಲ್ಲಿ ಕೂರುತ್ತಿದ್ದವರು ತೀರಿಕೊಂಡಿದ್ದರು. ಮಗ ಸೀಟಿನ ದಿಂಬನ್ನು ಒಗೆದು ಒಣಗಿಸಿ ತಂದಿದ್ದ. ತಾತ ಎರಡು ದಿನ ಕೂತು ಬೇರಿಂಗಿಗೆ ಎಣ್ಣೆ ಬಿಟ್ಟರು, ಬ್ರೇಕ್ ಬಿಗಿ ಮಾಡಿದರು. ನಡುಬಾಗಿಲು ತೆರೆದಿದ್ದರೆ ಒಳಗಿನ ಮಂಚದಿಂದ ಅಂಗಡಿ ನೇರ ಕಾಣುತ್ತದೆ. ಅಜ್ಜಿ ನೋಡುತ್ತಲೇ ಇದ್ದರು.

ಪಟ್ಟಿಯಲ್ಲಿ ಮೊದಲ ಹೆಸರು ಮಾರ್ಕೆಟ್ ಹಿಂದಿನ ಬಡಗಿಯ ತಾಯಿಯದು. ನಾಲ್ಕು ತಿಂಗಳಾಯಿತು, ಮಗ ಎತ್ತಿಕೊಂಡೇ ಓಡಾಡಿಸುತ್ತಾನೆ.

ಇವತ್ತು ಮಧ್ಯಾಹ್ನ ನಾನೇ ಬಾಯಿಬಿಟ್ಟೆ. “ಪಟ್ಟಿ ನನ್ನ ಹತ್ರಾನೇ ಇದೆ ತಾತ. ಹೆಸರು ಹಿಂದೆಮುಂದೆ ಮಾಡಿದ್ರೆ ಯಾರಿಗೂ ಗೊತ್ತಾಗಲ್ಲ.”

ಅವರು ಗಾಲಿಗೆ ಗಾಳಿ ಹೊಡೆಯುತ್ತಿದ್ದರು. ಹೊಡೆಯುತ್ತಲೇ ಇದ್ದರು. ಹೆಬ್ಬೆರಳಿನಿಂದ ಟೈರು ಒತ್ತಿ ನೋಡಿದರು. ಆಮೇಲೆ ಪಟ್ಟಿಯ ಪುಸ್ತಕ ತೆಗೆದು, ಹಳೆಯ ಹಾಳೆಗಳನ್ನು ಮಗುಚಿ ನನ್ನ ಮುಂದಿಟ್ಟರು. ಸರದಿ ಬರುವ ಮೊದಲೇ ತೀರಿಹೋದವರ ಹೆಸರುಗಳು. ಐದು. ಐದರ ಮೇಲೂ ಗೆರೆ ಎಳೆದದ್ದು ನನ್ನ ಕೈಯೇ. ನಾನು ಪುಸ್ತಕ ಮುಚ್ಚಿದೆ.

ಅವರು ಕೈ ಒರೆಸಿಕೊಂಡು ಕುರ್ಚಿಯನ್ನು ಬಾಗಿಲ ತನಕ ತಳ್ಳಿದರು.

“ಇದನ್ನ ಬಡಗಿ ಮನೆಗೆ ಮುಟ್ಟಿಸಿ ಬರ್ತೀನಿ ಮಗಳೇ. ಅಷ್ಟು ಹೊತ್ತು ಒಳಗೆ ಅವಳ ಹತ್ರ ಕೂತಿರು.” ಮೆಟ್ಟಿಲ ಬಳಿ ನಿಂತರು, ತಿರುಗಲಿಲ್ಲ. “ನಾನು ಹೊರಡೋ ಮುಂಚೆ ಆ ನಡುಬಾಗಿಲು ಒಂಚೂರು ಎಳ್ಕೊ.”