ಮೇಡಂ ಮಾತಾಡುತ್ತಿದ್ದ ಸ್ಲೈಡುಗಳು

ನಾನು ಡಿಗ್ರಿ ಮುಗಿಸುವುದು ಆಗದ ಮಾತು ಎಂದು ಮೊದಲು ಹೇಳಿದವನು ನನ್ನ ಸೋದರಮಾವ. ಚಿಕ್ಕಲಸಂದ್ರದ ನಮ್ಮ ಒಂದೇ ರೂಮಿನ ಮನೆಯ ಬಾಗಿಲಲ್ಲಿ ನಿಂತು ಅಮ್ಮನಿಗೆ, "ನಮ್ ಪೈಕಿ ಯಾರ್ ಓದಿದ್ದಾರೆ ಅಂತ ಇವ್ಳು ಓದ್ತಾಳೆ? ಸುಮ್ನೆ ಗಾರ್ಮೆಂಟ್ಸ್‌ಗೆ ಕಳ್ಸಕ್ಕಾ" ಎಂದಿದ್ದ. ಅವನ ಮೇಲೆ ಈಗ ಕೋಪವಿಲ್ಲ. ತನಗೆ ಕಂಡಷ್ಟು ಹೇಳಿದ. ಇವತ್ತು ನಾನು ಬರೆಯಲು ಕೂತಿರುವುದೂ ಅವನ ಬಗ್ಗೆ ಅಲ್ಲ.

ಮೊನ್ನೆ ಜೆ.ಪಿ. ನಗರದ ನಮ್ಮ ಆಫೀಸಿನಲ್ಲಿ, ಬಹಳ ದಿನದಿಂದ ಯಾರೂ ಮುಟ್ಟದ ಹಳೇ ಪ್ರೊಜೆಕ್ಟರನ್ನು ಆನ್ ಮಾಡಿದರು. ಅದು ಬಿಸಿಯಾಗುತ್ತಾ ಬಂದಂತೆ ಒಳಗಿನ ಧೂಳು ಸುಟ್ಟ ವಾಸನೆ ರೂಮಿನ ತುಂಬಾ ಹರಡಿತು. ಸೀದ ಒಗ್ಗರಣೆಯದೂ ಅಲ್ಲ, ವೈರು ಸುಟ್ಟದ್ದೂ ಅಲ್ಲ... ಆ ವಾಸನೆ ನನಗೆ ಗೊತ್ತಿದ್ದದ್ದು ಜಯನಗರದ ಒಂದು ಮನೆಯ ನಡುಕೋಣೆಯಲ್ಲಿ. ಮೀಟಿಂಗು ನಡೆಯುತ್ತಲೇ ಇತ್ತು. ನಾನು ನೀರು ಕುಡಿಯುವ ನೆಪ ಮಾಡಿ ಎದ್ದು ಹೊರಗೆ ಬಂದೆ.

ಅಮ್ಮ ಆ ಮನೆಯಲ್ಲಿ ಅಡುಗೆ ಮಾಡುತ್ತಿದ್ದಳು. ಮನೆಯಲ್ಲಿದ್ದವರು ಒಬ್ಬರೇ, ಹೈಸ್ಕೂಲಿನಲ್ಲಿ ಪಾಠ ಹೇಳಿ ರಿಟೈರ್ ಆಗಿದ್ದ ಮೇಡಂ. ಮದುವೆಯಾಗಿರಲಿಲ್ಲ. ಬಾಡಿಗೆ ಮನೆ, ಮುಂದೆ ಒಂದು ಕಣಗಿಲೆ ಗಿಡ, ಗೋಡೆಗಳ ಮೇಲೆ ಬರೀ ಕ್ಲಾಸ್ ಫೋಟೋಗಳು. ಗಂಟಲಿನ ಕ್ಯಾನ್ಸರ್ ಎಂದು ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದುಬಿಟ್ಟಿದ್ದರು. ವರ್ಷಗಟ್ಟಲೆ ಹಿಂದಿನ ಬೆಂಚಿನ ತನಕ ಕೇಳುವಂತೆ ಮಾತಾಡಿದವರು ಪಿಸುಗುಡಲೂ ಆಗದ ಹಾಗೆ ಆಗಿದ್ದರು.

ನಾನು ಆಗ ಬಿ.ಕಾಂ. ಎರಡನೇ ವರ್ಷದಲ್ಲಿ ಇಂಗ್ಲಿಷ್ ಫೇಲಾಗಿ, ಕಾಲೇಜಿಗೆ ಹೋಗುವುದನ್ನೇ ಬಿಟ್ಟು ಮನೆಯಲ್ಲಿದ್ದೆ. ಮೇಡಂಗೆ ಲ್ಯಾಪ್‌ಟಾಪಿನ ಕೆಲಸಕ್ಕೆ ಯಾರಾದರೂ ಬೇಕಿತ್ತು. ಅಮ್ಮ ನನ್ನನ್ನು ಎಳೆದುಕೊಂಡು ಹೋಗಿ ಅವರ ಮುಂದೆ ನಿಲ್ಲಿಸಿದಳು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಒಂದೇ ಬೆರಳಲ್ಲಿ ಏನೋ ಟೈಪ್ ಮಾಡಿ ಎಂಟರ್ ಒತ್ತಿದರು. ಹಳೇ ಶಿಷ್ಯರೊಬ್ಬರು ಕೊಟ್ಟಿದ್ದ ಪ್ರೊಜೆಕ್ಟರಿನಿಂದ ಎದುರಿನ ಗೋಡೆಯ ಮೇಲೆ ದೊಡ್ಡ ಅಕ್ಷರಗಳು ಮೂಡಿದವು.

"ಯಾಕೆ ಕಾಲೇಜಿಗೆ ಹೋಗ್ತಿಲ್ಲ?"

"ಇಂಗ್ಲಿಷ್ ಹೋಯ್ತು ಮೇಡಂ."

"ಎಲ್ಲಿಗೆ ಹೋಯ್ತು? ಮೆಜೆಸ್ಟಿಕ್‌ಗಾ?"

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ಮುಂದಿನ ಸ್ಲೈಡಿನಲ್ಲಿ, "ನಾಳೆ ಪುಸ್ತಕ ತಗೊಂಡು ಬಾ" ಎಂದಿತ್ತು.

ಅವರು ಮಾತಾಡುತ್ತಿದ್ದದ್ದೇ ಹಾಗೆ. ಒಂದು ಮಾತಿಗೆ ಒಂದು ಸ್ಲೈಡು. ಹಾಲಿನವನಿಗೆ ಬೈಯಲೂ ಸ್ಲೈಡು, ಅಮ್ಮನಿಗೆ ಸಾರಿಗೆ ಉಪ್ಪು ಕಮ್ಮಿ ಎನ್ನಲೂ ಸ್ಲೈಡು. ಅಮ್ಮನಿಗೆ ಓದಲು ಬಾರದ್ದರಿಂದ ಅವಳಿಗೆಂದೇ ಒಂದು ಉಪ್ಪಿನ ಡಬ್ಬಿಯ ಚಿತ್ರ ಹಾಕಿಟ್ಟುಕೊಂಡಿದ್ದರು. ಚೀಟಿಯಲ್ಲಿ ಬರೆದು ತೋರಿಸಿದರೆ ಸುಲಭವಲ್ಲವೇ ಎಂದು ನಾನೊಮ್ಮೆ ಕೇಳಿದ್ದೆ. ಗೋಡೆಯ ಮೇಲೆ ಉತ್ತರ ಬಂತು: "ಚೀಟಿ ಕೊಟ್ರೆ ಮೂಗಿ ಆಗ್ತೀನಿ ಕಣೇ. ಗೋಡೆ ಮೇಲೆ ಬಂದ್ರೆ ಟೀಚರ್ ಆಗೇ ಇರ್ತೀನಿ."

ಆ ಗೋಡೆಯ ಮೇಲೆಯೇ ನನಗೆ ಇಂಗ್ಲಿಷ್ ಕಲಿಸಿದರು. ನಾನು ತಪ್ಪು ಹೇಳಿದರೆ ಕೆಂಪು ಅಕ್ಷರ, ಸರಿ ಹೇಳಿದರೆ ಏನೂ ಇಲ್ಲ, ಮುಂದಿನ ಪ್ರಶ್ನೆ. ಕೊನೆಗೆ ಪಾಸಾದ ದಿನ ನನಗೆ ತೋರಿಸಲೆಂದು ಪಟಾಕಿ ಹಾರುವ ಚಿತ್ರವೊಂದನ್ನು ಹಾಕಿದ್ದರು. ಆ ಪಟಾಕಿಗೇ ಲ್ಯಾಪ್‌ಟಾಪ್ ಹ್ಯಾಂಗ್ ಆಯಿತು. ಇಬ್ಬರೂ ಗೋಡೆಯ ಮೇಲೆ ಅರ್ಧ ಸಿಡಿದು ನಿಂತ ಪಟಾಕಿಯನ್ನು ನೋಡುತ್ತಾ ಕೂತಿದ್ದೆವು. ನನಗೆ ನಗುವೂ ಅಳುವೂ ಒಟ್ಟಿಗೇ ಬಂತು...

ಆಮೇಲೆ ಕಾಯಿಲೆ ಮತ್ತೆ ಬಂತು. ಈ ಸಲ ಡಾಕ್ಟರು ಆಪರೇಷನ್ನಿನ ಮಾತು ಎತ್ತಲಿಲ್ಲ. ಅದೇ ದಿನಗಳಲ್ಲಿ ಅವರ ಹಳೇ ವಿದ್ಯಾರ್ಥಿಗಳ ಒಂದು ಬ್ಯಾಚಿನವರು ಸನ್ಮಾನಕ್ಕೆ ಕರೆಯಲು ಮನೆಗೆ ಬಂದರು. ಶಾಲು ಹೊದಿಸುತ್ತೇವೆ, ಹಾರ ಹಾಕುತ್ತೇವೆ, ನೀವು ಬಂದು ಕೂತರೆ ಸಾಕು ಎಂದರು. ಮೇಡಂ ಟೈಪ್ ಮಾಡಿದರು: "ಶಾಲು ಹೊದ್ಕೊಂಡು ಗೊಂಬೆ ಥರ ಕೂರಕ್ಕೆ ನಾನು ಬರಲ್ಲ. ಒಂದು ಪೀರಿಯಡ್ ಕೊಟ್ರೆ ಬರ್ತೀನಿ."

ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಆಗಲಿ ಮೇಡಂ ಎಂದರು.

ಆ ಒಂದು ಪೀರಿಯಡ್ಡಿಗಾಗಿ ಅವರು ಉಳಿದಿದ್ದ ಶಕ್ತಿಯನ್ನೆಲ್ಲ ಒಟ್ಟುಮಾಡಿಕೊಂಡರು. ಕ್ಲಾಸ್ ಫೋಟೋ ಸ್ಕ್ಯಾನ್ ಮಾಡಿಸಿ ಒಬ್ಬೊಬ್ಬ ಹುಡುಗ, ಹುಡುಗಿಯ ಮುಖವನ್ನೂ ಬೇರೆ ಬೇರೆ ಕತ್ತರಿಸಿ ಒಂದೊಂದು ಸ್ಲೈಡಿಗೆ ಹಾಕಿಸಿದರು. ಆದರೆ ಲ್ಯಾಪ್‌ಟಾಪ್ ಅವರಷ್ಟೇ ಸುಸ್ತಾಗಿತ್ತು. ಒಂದು ಮುಖ ಹೋಗಿ ಇನ್ನೊಂದು ಬರುವಷ್ಟರಲ್ಲಿ ಪರದೆ ಕಪ್ಪಾಗುತ್ತಿತ್ತು, ಅಕ್ಷರಗಳು ತಡವರಿಸುತ್ತಿದ್ದವು. ಮೇಡಂ ಎಂಟರ್ ಒತ್ತಿ, ಕಾದು, ಮತ್ತೆ ಒತ್ತಿ, ಎರಡು ಸ್ಲೈಡು ಒಟ್ಟಿಗೇ ಹಾರಿದಾಗ ಮುಖ ತಿರುಗಿಸಿಕೊಳ್ಳುತ್ತಿದ್ದರು. ಸಿಟ್ಟಲ್ಲ ಅದು. ಮಾತಿನ ನಡುವೆ ಯಾರೋ ಬಾಯಿ ಮುಚ್ಚಿದ ಹಾಗೆ ಆಗುತ್ತಿತ್ತು ಅವರಿಗೆ.

ಸರಿಮಾಡುವುದು ನನ್ನ ಪಾಲಿಗೆ ಬಂತು. ಬನಶಂಕರಿ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಾ ಮೊಬೈಲಿನಲ್ಲಿ ವಿಡಿಯೋ ನೋಡುವುದು, ಅಲ್ಲಿ ಕಂಡದ್ದನ್ನು ಇಲ್ಲಿ ಬಂದು ಮಾಡುವುದು. ಫೋಟೋಗಳ ತೂಕ ಜಾಸ್ತಿ ಎಂದು ಗೊತ್ತಾಯಿತು, ಅವನ್ನೆಲ್ಲ ಕಂಪ್ರೆಸ್ ಮಾಡಿದೆ. ಸ್ಲೈಡಿನಿಂದ ಸ್ಲೈಡಿಗೆ ಪರದೆ ಸರಿಯುವ, ಪುಟ ಮಗುಚುವ ಟ್ರಾನ್ಸಿಷನ್ನುಗಳನ್ನು ಕಿತ್ತು ಹಾಕಿದೆ. ಆಪ್ಷನ್ಸ್ ಒಳಗೆ ಹೋಗಿ ಗ್ರಾಫಿಕ್ಸ್ ಆಕ್ಸಿಲರೇಷನ್ ಎಂಬುದನ್ನು ಆಫ್ ಮಾಡಿದರೆ ಆ ಕಪ್ಪಾಗುವ ಕಾಟ ನಿಂತಿತು. ತೋರಿಸುವವರಿಗೆಂದೇ ಬೇರೆ ಪರದೆ ಮೂಡಿಸುವ ಪ್ರೆಸೆಂಟರ್ ವ್ಯೂ ತೆಗೆದೆ, ರೆಸಲ್ಯೂಷನ್ ಇಳಿಸಿದೆ. ಬ್ಯಾಟರಿ ಉಳಿಸುವ ಸೆಟ್ಟಿಂಗು ಇದ್ದರೆ ಇಡೀ ಲ್ಯಾಪ್‌ಟಾಪೇ ನಿಧಾನವಾಗುತ್ತದೆ ಎಂದು ತಿಳಿದ ಮೇಲೆ ಚಾರ್ಜರ್ ತೆಗೆಯಲು ಬಿಡಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಮಾಡದ ಕೆಲಸವೊಂದನ್ನು ನಾನು ಮಾಡುತ್ತಿದ್ದೇನೆ ಎಂಬ ಹೆಮ್ಮೆ ನನಗಿತ್ತು. ಈಗಲೂ ಇದೆ, ಮುಚ್ಚಿಡುವುದೇಕೆ.

ಒಂದೇ ಒಂದಕ್ಕೆ ಜಗಳವಾಯಿತು. ಅಕ್ಷರಗಳು ಒಂದೊಂದಾಗಿ ಬರುವ ಅನಿಮೇಷನ್ ಮೇಡಂಗೆ ಬೇಕೇ ಬೇಕಿತ್ತು. ಲ್ಯಾಪ್‌ಟಾಪ್ ತಡೆಯಲ್ಲ ಮೇಡಂ, ತೆಗೀತೀನಿ ಅಂದೆ. ಕೆಂಪು ಅಕ್ಷರ ಬಂತು: "ಬೋರ್ಡ್ ಮೇಲೆ ಯಾರಾದ್ರೂ ಇಡೀ ವಾಕ್ಯ ಒಂದೇ ಸಲ ಬರೀತಾರೇನೇ, ದಡ್ಡಿ?"

ಆಗ ನನಗೆ ಹೊಳೆಯಿತು, ಅವರಿಗೆ ಬೇಕಿದ್ದದ್ದು ಅಲಂಕಾರವಲ್ಲ, ಸೀಮೆಸುಣ್ಣ. ಅಕ್ಷರದ ಬದಲು ಇಡೀ ಸಾಲಿಗೆ ವೈಪ್ ಹಾಕಿ, ಎಡದಿಂದ ಬಲಕ್ಕೆ ಒರೆಸಿದಂತೆ ಮೂಡುವ ಹಾಗೆ ಮಾಡಿದೆ. ಕೈಯೊಂದು ಬರೆಯುತ್ತಾ ಹೋದ ಹಾಗೇ ಕಂಡಿತು. ಮೇಡಂ ಅದನ್ನೇ ಮತ್ತೆ ಮತ್ತೆ ಹಾಕಿ ನೋಡಿದರು. ಬಲಗೈಯ ಬೆರಳುಗಳು ತಮ್ಮಷ್ಟಕ್ಕೆ ಗಾಳಿಯಲ್ಲಿ ಸಾಲಿನ ಜೊತೆ ಓಡುತ್ತಿದ್ದವು...

ಒಂದು ವಿಷಯ ಮಾತ್ರ ಒತ್ತಿ ಹೇಳಿದ್ದೆ. "ಮೇಡಂ, ರಿಹರ್ಸಲ್ ಮಾಡಿದ್ರೆ ಕೊನೇಲಿ ಟೈಮಿಂಗ್ ಸೇವ್ ಮಾಡ್ಲಾ ಅಂತ ಕೇಳುತ್ತೆ. ನೋ ಅನ್ನಿ. ಯೆಸ್ ಅಂದ್ರೆ ನೀವು ಒಂದೊಂದು ಸ್ಲೈಡಿಗೆ ಎಷ್ಟು ಹೊತ್ತು ಕಾದ್ರೋ ಅದೇ ಲೆಕ್ಕದಲ್ಲಿ, ಅಲ್ಲಿ ನಿಮ್ಮ ಕೈ ಮೀರಿ ತಾನೇ ಓಡುತ್ತೆ."

ತಲೆ ಆಡಿಸಿದ್ದರು.

ಸಮಾರಂಭಕ್ಕೆ ಇನ್ನೂ ಒಂದು ವಾರ ಇರುವಾಗ ಅವರನ್ನು ಆಸ್ಪತ್ರೆಗೆ ಸೇರಿಸಿದರು. ವಾಪಸ್ ಬರಲಿಲ್ಲ. ಮೈಸೂರಿನಿಂದ ಬಂದ ಅವರ ಅಣ್ಣನ ಮಗಳು ಲ್ಯಾಪ್‌ಟಾಪನ್ನು ನನ್ನ ಕೈಗೆ ಕೊಟ್ಟು, "ಅತ್ತೆ ನಿಮಗೇ ಕೊಡು ಅಂತ ಬರೆದಿದ್ರು" ಎಂದಳು.

ಬ್ಯಾಚಿನವರು ಹಾಲ್ ಬುಕ್ ಮಾಡಿದ್ದರು, ಕ್ಯಾನ್ಸಲ್ ಮಾಡಲಿಲ್ಲ. ಶಾಲು ಹೊದಿಸಬೇಕಿದ್ದ ಕುರ್ಚಿಯ ಮೇಲೆ ಹಾರ ಹಾಕಿದ ಫೋಟೋ ಇಟ್ಟಿದ್ದರು. ಅವರಲ್ಲೊಬ್ಬರು ನನ್ನ ಬಳಿ ಬಂದು, "ಮೇಡಂ ಮಾಡಿಟ್ಟ ಪಿಪಿಟಿ ನೀನೇ ಹಾಕಮ್ಮ" ಎಂದರು. ನಾನು ಮೊದಲ ಸ್ಲೈಡು ಹಾಕಿದೆ.

"ಕೂತ್ಕೊಳ್ಳಿ. ನಿಂತ್ರೆ ಮಂಡಿ ನೋಯೋ ವಯಸ್ಸು ನಿಮ್ಮದು."

ಹಾಲ್ ನಕ್ಕಿತು. ನಗು ನಿಲ್ಲುತ್ತಿದ್ದ ಹಾಗೆ ಮುಂದಿನ ಸ್ಲೈಡು ಬಂತು. ನಾನು ಎಂಟರ್ ಒತ್ತಿರಲಿಲ್ಲ.

"ಹಾಜರಿ ಕರೀತೀನಿ. ಹೆಸರು ಹೇಳಲ್ಲ. ಮುಖ ನೋಡಿ ಕೂಗಬೇಕು."

ಯೆಸ್ ಒತ್ತಿಬಿಟ್ಟಿದ್ದಾರೆ ಎಂದು ಆಗ ಗೊತ್ತಾಯಿತು. ಆಸ್ಪತ್ರೆಗೆ ಹೋಗುವ ಹಿಂದಿನ ಸಂಜೆ ಮೇಡಮ್ಮೋರು ಗೋಡೆ ನೋಡಿಕೊಂಡು ಒಬ್ಬರೇ ಬಟನ್ ಒತ್ತುತ್ತಾ ಕೂತಿದ್ದರು ಎಂದು ಅಮ್ಮ ಹೇಳಿದ್ದಳು. ಆ ಸಂಜೆ ಖಾಲಿ ಕೋಣೆಯಲ್ಲಿ ಅವರು ತೆಗೆದುಕೊಂಡ ಕ್ಲಾಸೇ ಇದು. ತಪ್ಪಿ ಒತ್ತಿದರೋ, ಬೇಕೆಂದೇ ಒತ್ತಿದರೋ...

ಎರಡು ಜಡೆಯ ಹುಡುಗಿಯ ಮುಖ ಬಂತು. ಮುಂದಿನ ಸಾಲಿನ ಹೆಂಗಸೊಬ್ಬರು "ಪ್ರೆಸೆಂಟ್ ಮೇಡಂ" ಎಂದರು. ಮುಖ ಬದಲಾಯಿತು. ಇನ್ನೊಬ್ಬರು. ಮತ್ತೊಬ್ಬರು. ಸ್ಲೈಡುಗಳು ನೀರಿನ ಹಾಗೆ ಹರಿದವು, ಎಲ್ಲೂ ತಡವರಿಸಲಿಲ್ಲ. ಆಮೇಲೆ ದೊಡ್ಡ ಕಿವಿಯ ಹುಡುಗನೊಬ್ಬ ಬಂದ. ಬಂದವನು ಹೋಗಲೇ ಇಲ್ಲ.

"ಹ್ಯಾಂಗ್ ಆಯ್ತೇನೋ?" ಎಂದು ಯಾರೋ ಅಂದರು. ನನ್ನ ಬೆರಳು ಎಂಟರ್ ಮೇಲೆ ಹೋಯಿತು. ಅಷ್ಟರಲ್ಲಿ ನನ್ನ ಪಕ್ಕದ ಸಾಲಿನಲ್ಲಿ ಗಡ್ಡ ನರೆತವರೊಬ್ಬರು ಎದ್ದು ನಿಂತರು.

"ಪ್ರೆ... ಪ್ರೆ..." ಕತ್ತಿನ ನರ ಉಬ್ಬಿತು. "ಪ್ರೆ... ಪ್ರೆಸೆಂಟ್ ಮೇಡಂ."

ಅವರು ಕೂತರು. ಸ್ಲೈಡು ಮುಂದಕ್ಕೆ ಹೋಯಿತು.

ನನ್ನ ಕೈ ತಾನಾಗಿ ಕೆಳಗಿಳಿಯಿತು. ಮೇಡಂ ಆ ಹುಡುಗನ ಉಗ್ಗಿಗೆ ಬೇಕಾದಷ್ಟು ಹೊತ್ತು ಗೋಡೆ ನೋಡುತ್ತಾ ಕಾದಿದ್ದರು. ಕಾಯಿಲೆ ಮೈ ತಿನ್ನುತ್ತಿದ್ದ ಆ ಸಂಜೆಯಲ್ಲೂ ಅವರಿಗೆ ಅವಸರವಿರಲಿಲ್ಲ.

ಎಲ್ಲರ ಹಾಜರಿ ಮುಗಿದ ಮೇಲೆ ಒಂದು ಮುಖ ಉಳಿದಿತ್ತು. ಅವರ ನಡುಕೋಣೆಯ ಮೇಜಿನ ಮುಂದೆ ಬಗ್ಗಿ, ನಾಲಿಗೆಯ ತುದಿ ಕಚ್ಚಿಕೊಂಡು ಲ್ಯಾಪ್‌ಟಾಪಿನಲ್ಲಿ ಏನೋ ಹುಡುಕುತ್ತಿದ್ದ ನಾನು. ಯಾವಾಗ ಫೋಟೋ ತೆಗೆದಿದ್ದರೋ ಗೊತ್ತಿಲ್ಲ. ನಾನು ಅವರ ಸ್ಕೂಲಿನವಳಲ್ಲ. ಆ ಮಾತು ನಾನು ಹೇಳಬಹುದೋ ಇಲ್ಲವೋ ತಿಳಿಯದೆ ನಿಂತುಬಿಟ್ಟೆ. ಸ್ಲೈಡು ನಿಂತೇ ಇತ್ತು.

ಆ ಗಡ್ಡದವರು ನನ್ನ ಕಡೆ ತಿರುಗಿ ಮೆಲ್ಲಗೆ, "ಹೇ... ಹೇಳಮ್ಮ. ಮೇಡಂ ಕಾಯ್ತಾರೆ" ಎಂದರು.

ಹೇಳಿದೆ. ಹಾಲಿನ ಹಿಂದಕ್ಕೆ ಕೇಳಿಸಿತೋ ಇಲ್ಲವೋ. ಆಮೇಲೆ ಪರದೆ ಕಪ್ಪಾಯಿತು. ಈ ಸಲ ಸರಿಮಾಡಲು ಏನೂ ಇರಲಿಲ್ಲ.

ಆ ಫೈಲ್ ಈಗಲೂ ನನ್ನ ಹತ್ತಿರ ಇದೆ. ತೆರೆಯುವ ಧೈರ್ಯವಿಲ್ಲ. ಆಫೀಸಿನಲ್ಲಿ ಎಲ್ಲರ ಸ್ಲೈಡುಗಳನ್ನೂ ನಾನೇ ಸರಿಮಾಡಿಕೊಡುತ್ತೇನೆ, "ಸಖತ್ ಸ್ಮೂತ್ ಆಯ್ತು" ಎನ್ನುತ್ತಾರೆ. ಮೇಡಂ ಇದ್ದ ಮನೆಯ ಮುಂದೆ ಈಗ ಹಲ್ಲಿನ ಡಾಕ್ಟರ ಬೋರ್ಡು. ಕಣಗಿಲೆ ಗಿಡ ತೆಗೆದು ಬೈಕ್ ನಿಲ್ಲಿಸಲು ಸಿಮೆಂಟ್ ಹಾಕಿಸಿದ್ದಾರೆ.

ಪ್ರೊಜೆಕ್ಟರಿನ ವಾಸನೆ ಬಂದ ಆ ವಾರದಲ್ಲೇ ಕಾಲೇಜಿಗೆ ಹೋಗಿ, ಪಾಸಾಗಿಯೂ ಇಷ್ಟು ದಿನ ತರದೆ ಬಿಟ್ಟಿದ್ದ ಡಿಗ್ರಿ ಸರ್ಟಿಫಿಕೇಟ್ ತಂದೆ. ಅಮ್ಮ ಕೈಯನ್ನು ಎರಡೆರಡು ಸಲ ಸೆರಗಿಗೆ ಒರೆಸಿಕೊಂಡಳು. ನಾನು ಅದನ್ನು ಅವಳ ಕೈಗೆ ಕೊಟ್ಟೆ. ಅಂಚು ಮಾತ್ರ ಹಿಡಿದು, ಬಾಗಿಲ ಬೆಳಕಿಗೆ ಹೋಗಿ, ತಲೆಕೆಳಗಾಗಿದ್ದದ್ದನ್ನು ಮೇಲಿನ ಮುದ್ರೆಯ ಗುರುತು ನೋಡಿ ನೇರ ಮಾಡಿಕೊಂಡು ಬಹಳ ಹೊತ್ತು ನಿಂತಳು. ಆಮೇಲೆ ಚಪ್ಪಲಿ ಮೆಟ್ಟಲು ಹೋದವಳು ಹಾಗೇ ನಿಂತು ನನ್ನ ಕಡೆ ನೋಡಿದಳು.

"ಈಗ ಇದನ್ನ ಯಾರ್ ಮನೇಗ್ ತಗೊಂಡ್ ಹೋಗಿ ತೋರ್ಸೋಣ, ಮಗಳೇ?"