ಬ್ಯಾಗು ಕಾಯುವ ಬಾಣಂತಿ

ನಲವತ್ತು ದಾಟಿದ ಮೇಲೆ ಮಗುವಾದರೆ ಹಾಲು ಕುಡಿಸುವುದಕ್ಕೂ ಜನರಿಗೆ ಸಮಜಾಯಿಷಿ ಕೊಡಬೇಕಾಗುತ್ತದೆ ಎಂದು ನನಗೆ ಮೊದಲು ಗೊತ್ತಾದದ್ದು ಟೈಲರ್ ಅಂಗಡಿಯಲ್ಲಿ. ಅಕ್ಕನ ಮಗಳ ಮದುವೆಗೆಂದು ರೇಷ್ಮೆ ಸೀರೆಯ ಬ್ಲೌಸ್ ಹೊಲಿಯಲು ಕೊಡುತ್ತಿದ್ದೆ. ವಿಜಯನಗರದಲ್ಲಿ ನಮ್ಮ ರಸ್ತೆಯ ತಿರುವಿನಲ್ಲೇ ಇರುವ ಅಂಗಡಿ. ಹುಕ್ಸು ಮುಂದೆ ಇಡಿ ಎಂದು ಮೆಲ್ಲಗೆ ಹೇಳಿದೆ.

"ಈಗ ಯಾರ್ ಮೇಡಂ ಮುಂದೆ ಇಡುಸ್ತಾರೆ? ಮದ್ವೆಗಲ್ವಾ, ಹಿಂದೆ ಇಟ್ಟು ದಾರ ಕೊಟ್ಬುಡ್ತೀನಿ, ಸಕತ್ತಾಗ್ ಕಾಣುತ್ತೆ."

ಇನ್ನೂ ಮೆಲ್ಲಗೆ, ಮಗುವಿದೆ, ಹಾಲು ಕುಡಿಸಬೇಕು ಎಂದೆ. ಅವನು ಟೇಪನ್ನು ಕೊರಳಿಗೆ ಹಾಕಿಕೊಂಡು ನನ್ನನ್ನು ಒಮ್ಮೆ ನೋಡಿದ. ಆಮೇಲೆ ಒಳಗೆ ಮೆಷಿನ್ ತುಳಿಯುತ್ತಿದ್ದ ಹೆಂಡತಿಗೆ ಕೇಳಲೆಂದು ಕೂಗಿದ: "ಏಯ್, ಮೇಡಮ್ಮೋರ್ಗೆ ಫೀಡಿಂಗಂತೆ! ಮುಂದೆ ಹುಕ್ಸು ಅಂತ ಬರ್ಕೋ!"

ಅಳತೆ ಕೊಡಲು ನಿಂತಿದ್ದ ಹುಡುಗಿಯರು ತಿರುಗಿ ನೋಡಿದರು. ಒಬ್ಬಳ ಕಣ್ಣು ನನ್ನ ಬೈತಲೆಯ ಬಿಳಿಗೂದಲಿನ ಮೇಲೆ ನಿಂತಿತು. ಅವತ್ತೇ ಬಣ್ಣ ಹಚ್ಚಬೇಕೆಂದುಕೊಂಡೆ, ಬಣ್ಣದ ವಾಸನೆ ಮಗುವಿಗೆ ಆಗದಿದ್ದರೆ ಎಂದು ಹೆದರಿ ಬಿಟ್ಟೆ. ಚಿಂತೆ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಬಳಗದಲ್ಲಿ ಯಾರೂ ಇಲ್ಲ.

ಮಗಳಿಗೆ ಆಗ ಐದು ತಿಂಗಳು. ನಮ್ಮೆಜಮಾನರು ಹೆಬ್ಬಾಳದ ಕಾರ್ಖಾನೆಯಲ್ಲಿ ರಾತ್ರಿ ಶಿಫ್ಟು ಮುಗಿಸಿ ಬಂದು ಹಗಲೆಲ್ಲ ಮಲಗುತ್ತಿದ್ದರು. ನನ್ನ ವಾರಿಗೆಯವರ ಮಕ್ಕಳೆಲ್ಲ ಕಾಲೇಜು. ಫೋನು ಮಾಡಿದರೆ ಅವರು ಸಿಇಟಿ ಮಾತಾಡುತ್ತಿದ್ದರು, ನಾನು ಹೊಟ್ಟೆನುಲಿ ಮಾತಾಡುತ್ತಿದ್ದೆ. ಇಬ್ಬರಿಗೂ ಬೇಗ ಮಾತು ಮುಗಿಯುತ್ತಿತ್ತು. ಎದುರುಮನೆಯ ಚಿಕ್ಕ ವಯಸ್ಸಿನ ತಾಯಿ ನನ್ನನ್ನು ಆಂಟಿ ಎನ್ನುತ್ತಿದ್ದಳು. ಹೊರಗೆ ಹೋಗೋಣವೆಂದರೆ, ಅಲ್ಲಿ ಮಗು ಹಸಿದರೆ? ಆ ಒಂದು ಪ್ರಶ್ನೆಗೆ ಹೆದರಿ ಗೇಟಿನವರೆಗೆ ಬಂದು, ಹಾಲಿನವನ ಜತೆ ಅಗತ್ಯಕ್ಕಿಂತ ಹೆಚ್ಚು ಮಾತಾಡಿ ಒಳಗೆ ಹೋಗುತ್ತಿದ್ದೆ.

ಆನ್‌ಲೈನಿನಲ್ಲಿ ಒಂದು ಮುಸುಕು ತರಿಸಿದ್ದೆ. ಹಾಲೂಡಿಸುವಾಗ ಕುತ್ತಿಗೆಗೆ ಕಟ್ಟಿಕೊಳ್ಳುವ ಬಟ್ಟೆ, ಮೈತುಂಬ ಹಳದಿ ಆನೆಗಳು. ಕಟ್ಟಿಕೊಂಡು ಕನ್ನಡಿ ನೋಡಿದರೆ ಕಟಿಂಗ್ ಶಾಪಿನಲ್ಲಿ ಕೂತವಳಂತೆ ಕಾಣುತ್ತಿದ್ದೆ. ಆದರೂ ಧೈರ್ಯ ಮಾಡಿ ಒಮ್ಮೆ ಸಿಟಿ ಬಸ್ಸಿನಲ್ಲಿ ಕಟ್ಟಿಕೊಂಡೆ. ಅಲ್ಲಿಯವರೆಗೆ ಕಿಟಕಿಯಾಚೆ ನೋಡುತ್ತಿದ್ದವರೆಲ್ಲ ಆನೆ ನೋಡತೊಡಗಿದರು. ಸೆಕೆಗೆ ಮಗಳು ಕಾಲು ಝಾಡಿಸಿ ಆನೆಗಳನ್ನೆಲ್ಲ ಕಂಡಕ್ಟರನ ಕಾಲಬುಡಕ್ಕೆ ಕೆಡವಿದಳು. ಮುಂದಿನ ಸ್ಟಾಪಿನಲ್ಲಿ ಇಳಿದು ಆಟೋ ಹಿಡಿದು ಮನೆಗೆ ಬಂದೆ.

ಹಾಗಿರುವಾಗ ಅಕ್ಕನ ಮಗಳು ಫೋನು ಮಾಡಿದಳು. ಕಾಲೇಜು ಓದುವಾಗ ನಮ್ಮ ಮನೆಯಲ್ಲೇ ಇದ್ದವಳು. ನನಗೆ ಮಕ್ಕಳಿಲ್ಲದ ಆ ವರ್ಷಗಳಲ್ಲಿ ಬೆಳಿಗ್ಗೆ ನಾನು ಜಡೆ ಹಾಕುವುದು, ಅವಳು ಬಸ್ಸು ತಪ್ಪುತ್ತೆ ಅಂತ ಕುಣಿಯುವುದು, ಅದೇ ನಮ್ಮ ಮನೆಯ ಗಲಾಟೆ.

"ಚಿಕ್ಕಮ್ಮ, ನೀನ್ ಬಂದು ಧಾರೆ ಎರೀದೆ ನಾನ್ ಸ್ಟೇಜ್ ಇಳಿಯಲ್ಲ, ಹೇಳಿದ್ದೀನಿ."

"ಬರ್ತೀನಿ ಕಣೇ. ಎಲ್ಲರ್ ಥರ ನಾನೂ ಬಂದು ಹಾಲು ಎರೀದೆ ಇರ್ತೀನಾ?"

"ಎಲ್ಲರ್ ಥರ ಅಲ್ಲ. ನಿನ್ ಮುಖ ಕಾಣ್ಬೇಕು ನಂಗೆ."

ಮದುವೆಯಲ್ಲಿ ನನಗಿದ್ದ ಆಸೆ ಇದೊಂದೇ. ಅಕ್ಕ ಮಾತ್ರ ಆಮೇಲೆ ಬೇರೆಯಾಗಿ ಫೋನು ಮಾಡಿದಳು. "ನೋಡು, ಬೇಜಾರ್ ಮಾಡ್ಕೋಬೇಡ. ಬೀಗರ ಕಡೇರು ಕೇಳ್ತಾರೆ, ಈ ಮಗು ಯಾರ್ದು ಅಂತ. ಒಬ್ಬೊಬ್ಬರಿಗೂ ಏನಂತ ಹೇಳ್ಲಿ? ಕುಡ್ಸೋ ಹೊತ್ಗೆ ರೂಮಲ್ಲಿ ಇದ್ಬುಡು. ದೃಷ್ಟಿ ಬೇರೆ ಆಗುತ್ತೆ."

ಬೇಜಾರಿಲ್ಲ ಎಂದೆ. ಆಮೇಲೆ ಬೀರುವಿನ ಕನ್ನಡಿಯ ಮುಂದೆ ರೇಷ್ಮೆ ಸೀರೆಯುಟ್ಟು, ಯಜಮಾನರ ದಿಂಬನ್ನು ಎದೆಗೆ ಹಿಡಿದು ಅಭ್ಯಾಸ ಶುರುಮಾಡಿದೆ. ನೆರಿಗೆ ಹಿಡಿದು ಪಿನ್ ಚುಚ್ಚಿದ ಸೆರಗಿನಿಂದ ಏನೂ ಮುಚ್ಚುವುದಿಲ್ಲ. ನೆರಿಗೆ ಬಿಟ್ಟು ಭುಜದಲ್ಲಿ ಒಂದೇ ಪಿನ್ ಚುಚ್ಚಿ ಇಳಿಬಿಟ್ಟರೆ ದಿಂಬು ಪೂರ್ತಿ ಮುಚ್ಚುತ್ತದೆ. ಎಚ್ಚರವಾಗಿ ಮಂಚದ ಮೇಲೆ ಕೂತ ಯಜಮಾನರು ಸ್ವಲ್ಪ ಹೊತ್ತು ನೋಡಿ, "ಅದುಕ್ಕೆ ಹೊಟ್ಟೆ ತುಂಬಿದ್ರೆ ಇಲ್ಲಿ ಕೊಡು, ಮಲಗ್ಬೇಕು" ಎಂದರು.

ಛತ್ರ ಸಿದ್ಧಾರ್ಥನಗರದ ಕಡೆ. ಸ್ಟೇಜಿನ ಪಕ್ಕದಲ್ಲಿ ದೊಡ್ಡ ಎಲ್ಇಡಿ ಪರದೆ ನಿಲ್ಲಿಸಿ, ನಡೆಯುತ್ತಿರುವುದನ್ನೆಲ್ಲ ಆಗಿಂದಾಗಲೇ ಅದರಲ್ಲಿ ತೋರಿಸುತ್ತಿದ್ದರು. ಅದನ್ನು ಕಂಡದ್ದೇ ನನ್ನ ಚಿಂತೆ ಶುರುವಾಯಿತು. ಹಾಲು ಕುಡಿಸುವಾಗ ಕ್ಯಾಮೆರಾದವನು ಇತ್ತ ತಿರುಗಿದರೆ? ಬೀಗರೆಲ್ಲ ಒಟ್ಟಿಗೇ ನೋಡಬಹುದಾದಷ್ಟು ಅಗಲವಿತ್ತು ಆ ಪರದೆ. ನನ್ನ ಲೆಕ್ಕಾಚಾರ ಸರಳವಾಗಿತ್ತು: ಮುಹೂರ್ತಕ್ಕೆ ಸ್ವಲ್ಪ ಮುಂಚೆ ರೂಮಿನಲ್ಲಿ ಕುಡಿಸಿ ಮಲಗಿಸುವುದು, ಮಲಗಿದ ಮಗುವನ್ನು ಹೆಗಲಿಗೆ ಹಾಕಿಕೊಂಡು ಹೋಗಿ ಧಾರೆ ಎರೆಯುವುದು.

ಹೆಣ್ಣಿನ ಕಡೆಯವರಿಗೆ ಕೊಟ್ಟ ರೂಮದು. ಸೂಟ್‌ಕೇಸುಗಳು, ಬಾಳೆಗೊನೆ, ತಾಂಬೂಲದ ತೆಂಗಿನಕಾಯಿ ಮೂಟೆ, ನಡುವೆ ಒಂದು ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯಲ್ಲಿ ನಾನು. ಬ್ಲೌಸಿನ ಒಂದು ಹುಕ್ಸು ಬಿಚ್ಚುವಷ್ಟರಲ್ಲಿ ಬಾಗಿಲು ತೆರೆಯಿತು.

"ನೀವ್ ಇಲ್ಲೇ ಇರ್ತೀರಾ? ಸ್ವಲ್ಪ ಬ್ಯಾಗ್ ನೋಡ್ಕೊಳ್ಳಿ, ಒಡವೆ ಐತೆ."

ಹುಕ್ಸು ಹಾಕಿಕೊಂಡೆ. ಇನ್ನೊಮ್ಮೆ ಬಿಚ್ಚುವಷ್ಟರಲ್ಲಿ ಇನ್ನೊಬ್ಬರು. ಮದುವೆಮನೆಯಲ್ಲಿ ರೂಮಿನೊಳಗೆ ಕೂತ ಬಾಣಂತಿ ಎಂದರೆ ಬೀಗಕ್ಕಿಂತ ಗಟ್ಟಿ ಎಂಬ ನಂಬಿಕೆ ಎಲ್ಲರದು. ನೋಡನೋಡುತ್ತ ನನ್ನ ಕಾಲಬುಡದಲ್ಲಿ ವ್ಯಾನಿಟಿ ಬ್ಯಾಗುಗಳ ಗುಡ್ಡೆಯಾಯಿತು. ಕೊನೆಗೆ ಬೀಗರ ಕಡೆಯ ಹಸಿರು ಸೀರೆಯವರೊಬ್ಬರು ಕಂದು ಬಣ್ಣದ ಬ್ಯಾಗು ತಂದಿಟ್ಟು, ಕನ್ನಡಿಯ ಮುಂದೆ ನಿಂತು ಹೂವು ಸರಿಮಾಡಿಕೊಳ್ಳುತ್ತ ಮಗುವನ್ನು ನೋಡಿದರು.

"ಮುದ್ದಾಗಿ ಅದೆ ಕಣ್ರೀ. ಮಗಳು ಆಚೆ ಅವ್ಳಾ? ಮೊಮ್ಮಗೂನ ನಿಮ್ಮ ಕೈಗೆ ಕೊಟ್ಟು ಮದ್ವೆ ನೋಡ್ತಾ ಅವ್ಳೆ ಅನ್ನಿ!"

ಅಲ್ಲ, ಇವಳು ನನ್ನ ಮಗಳು ಎನ್ನಬೇಕಿತ್ತು. ಆಗ ವಯಸ್ಸು, ಡಾಕ್ಟರು, ಹರಕೆ, ಎಲ್ಲ ಹೇಳಬೇಕಾಗುತ್ತಿತ್ತು. ಅಕ್ಕನ ಮುಖವೂ ನೆನಪಾಯಿತು. "ಹೂಂ" ಎಂದುಬಿಟ್ಟೆ.

ಅಂದ ಮೇಲೆ ಗೊತ್ತಾಯಿತು ಎಂಥ ಎಡವಟ್ಟಿನ ಮಾತಾಡಿದೆ ಎಂದು. ಅಜ್ಜಿಯಾದವಳು ಅವರ ಮುಂದೆ ಹುಕ್ಸು ಬಿಚ್ಚುವುದು ಹೇಗೆ? ಅವರೋ, ಮಾತಿಗೆ ಸಿಕ್ಕಿದಳೆಂದು ಮೂಟೆಯ ಮೇಲೆ ಕೂತು ತಮ್ಮ ಸೊಸೆಯ ಹೆರಿಗೆಯ ಕತೆ ಶುರುಮಾಡಿದರು. ಮಗಳು ನನ್ನ ಎದೆಗೆ ಮುಖ ಉಜ್ಜತೊಡಗಿದಳು. "ನೋಡಿ, ಅವ್ವನ್ ಹುಡುಕ್ತಾ ಅದೆ" ಎಂದು ನಕ್ಕರು ಅವರು. ಅವರ ಸೊಸೆಗೆ ಕೊನೆಗೂ ಹೆರಿಗೆಯಾಗಿ ಅವರು ಎದ್ದು ಹೋಗುವಷ್ಟರಲ್ಲಿ ಮಗಳು ಕಿರುಚುತ್ತಿದ್ದಳು. ಹೊರಗೆ ಮುಹೂರ್ತದ ವಾಲಗ ಶುರುವಾಯಿತು.

ಬಾಗಿಲು ಹಾಕಿಕೊಂಡು ಕುಡಿಸಿದೆ. ಹೊರಗೆ ಮದುವೆ ಆಗುತ್ತಿತ್ತು. ವಾಲಗ ಏರಿದಾಗ ತಾಳಿ ಕಟ್ಟಿದ ಎಂದುಕೊಂಡೆ, ಜನ ಹೋ ಎಂದಾಗ ಅಕ್ಷತೆ ಬಿತ್ತು ಎಂದುಕೊಂಡೆ. ಒಂದು ಗಳಿಗೆ ಸುಮ್ಮನೆ ಮಲಗಬಾರದೇ ಎಂದು ಮಗಳನ್ನು ಬೇಡಿಕೊಂಡೆ. ಎದೆ ಬಿಡಿಸಿದರೆ ಛತ್ರ ಹಾರಿಹೋಗುವಂತೆ ಕೂಗುತ್ತಿದ್ದಳು. ಧಾರೆ ಎರೆಯುವವರ ಸಾಲು ಸಾಗುತ್ತಿರಬೇಕು. ನನ್ನ ಮುಖ ಕಾಣಬೇಕೆಂದವಳು ಕೈ ಚಾಚಿ ನಿಂತಿರಬೇಕು.

ಎದ್ದೆ. ಬ್ಯಾಗುಗಳನ್ನು ಬಿಟ್ಟು ಹೋಗುವ ಧೈರ್ಯ ನನಗಿಲ್ಲ. ಒಂದು ಬಳೆ ಕಾಣೆಯಾದರೂ ಜೀವನಪೂರ್ತಿ ನಿದ್ದೆ ಬರುವುದಿಲ್ಲ. ಎಲ್ಲವನ್ನೂ ಎರಡು ಹೆಗಲಿಗೂ ಹೇರಿಕೊಂಡು, ಹಾಲು ಕುಡಿಯುತ್ತಿದ್ದ ಮಗಳನ್ನು ಸೆರಗಿನೊಳಗೆ ಅಮುಕಿಕೊಂಡು, ಸ್ಟೇಜಿನವರೆಗೆ ಧೈರ್ಯ ಸಾಲದೆ ಕುರ್ಚಿಗಳ ಕೊನೆಯ ಸಾಲಿನಲ್ಲಿ ಹೋಗಿ ಕೂತೆ.

ಯಾರೂ ನೋಡಲಿಲ್ಲ.

ಮೊದಲು ಅದೊಂದು ದೊಡ್ಡ ಸುಖ. ಎಲ್ಲರ ಮುಖ ಸ್ಟೇಜಿನ ಕಡೆ, ಎಲ್ಲರ ಕೈಯಲ್ಲಿ ಎತ್ತಿ ಹಿಡಿದ ಫೋನು. ದಿಂಬಿನ ಅಭ್ಯಾಸ ಸಾರ್ಥಕ. ಫ್ಯಾನಿನ ಗಾಳಿಗೆ ಸೆರಗು ಅಲ್ಲಾಡಿದರೂ ಒಂದು ಕಣ್ಣೂ ಇತ್ತ ತಿರುಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನಾನೇ ಅತ್ತ ಇತ್ತ ನೋಡಿದೆ. ಇಷ್ಟು ತಿಂಗಳು ಮನೆಯೊಳಗೆ ಕೂತು ಹೆದರಿದ್ದು ಯಾರ ಕಣ್ಣಿಗೆ? ಅವರು ಎಲ್ಲಿ? ಒಬ್ಬರಾದರೂ ತಿರುಗಿ ಮುಖ ಗಂಟಿಕ್ಕಿದ್ದರೂ, ನಾನಿಲ್ಲಿ ಇದ್ದೇನೆ ಎಂದಾದರೂ ಆಗುತ್ತಿತ್ತು.

ಆಗ ಹಸಿರು ಸೀರೆಯವರು ಸಾಲಿನ ಆ ತುದಿಯಿಂದ ನನ್ನನ್ನೇ ದಿಟ್ಟಿಸಿ ನೋಡುತ್ತ ಬಂದರು. ಸೆರಗು ಎಳೆದುಕೊಂಡೆ. ಅಜ್ಜಿಯ ಗುಟ್ಟು ರಟ್ಟಾಯಿತು ಎಂದುಕೊಂಡೆ. ಒಂದು ಬಗೆಯಲ್ಲಿ, ಆಗಲಿ ಎಂದೂ ಅನ್ನಿಸಿತು.

"ಅಯ್ಯೋ, ಇದು ನನ್ ಬ್ಯಾಗಲ್ವಾ? ಯಾಕ್ ಆಚೆ ತಂದ್ಬುಟ್ರಿ?" ಹೆಗಲಿನಿಂದ ಬಿಡಿಸಿಕೊಂಡು, ಜಿಪ್ಪು ತೆಗೆದು ಒಳಗೆ ಕೈಯಾಡಿಸಿ, ಸಮಾಧಾನವಾದ ಮೇಲೆ ಸೆರಗಿನ ಕಡೆ ನೋಡಿದರು. "ಮೊಮ್ಮಗೂಗೆ ನಿದ್ದೆ ಬಂತಾ?"

"ಹೂಂ" ಎಂದೆ.

"ಧಾರೆಗೆ ಇನ್ಯಾರಾದ್ರೂ ಇದ್ದೀರಾ? ಬೇಗ ಬನ್ರಮ್ಮ!" ಪುರೋಹಿತರು ಮೈಕಿನಲ್ಲಿ ಕೂಗಿದರು. ಮಗಳು ಎದೆ ಬಿಡಲಿಲ್ಲ, ನಾನೂ ಬಿಡಿಸಲಿಲ್ಲ. ಮಿಕ್ಕ ಬ್ಯಾಗುಗಳ ಜತೆಗೇ ಮೆಟ್ಟಿಲು ಹತ್ತಿದೆ. ಅಕ್ಕ ನೋಡಿ, "ಏನೇ ಇದು, ಸಂತೆಗೆ ಬಂದಂಗೆ! ಮಗೂನ ಮಲಗ್ಸಿ ಬರೋದಲ್ವಾ?" ಎಂದು ಪಿಸುಗುಟ್ಟಿ ಆಕಡೆ ತಿರುಗಿದಳು. ಅಕ್ಕನಿಗೂ ಗೊತ್ತಾಗಲಿಲ್ಲ.

ಎಡಗೈಯಲ್ಲಿ ಮಗಳು, ಬಲಗೈಯಲ್ಲಿ ಹಾಲಿನ ಗಿಂಡಿ. ಮದುಮಗಳು ತಲೆ ತಗ್ಗಿಸಿದ್ದಳು, ಹಣೆಯ ಬಾಸಿಂಗದ ಮುತ್ತುಗಳು ಕಣ್ಣಿಗೆ ಅಡ್ಡ ತೂಗುತ್ತಿದ್ದವು. ಅಷ್ಟು ಹೊತ್ತಿನಿಂದ ಎಷ್ಟು ಕೈ ಬಂದು ಹೋಗಿದ್ದವೋ. ಅವಳ ಹೆಸರು ಹಿಡಿದು ಕೂಗಬೇಕೆಂದುಕೊಂಡೆ. ಕೂಗಿದರೆ ಮಗಳು ಬೆಚ್ಚಿ ಎದೆ ಬಿಡುತ್ತಾಳೆ, ಸೆರಗು ಸರಿಯುತ್ತದೆ. ಸುಮ್ಮನೆ ಎರೆದೆ. ಹಾಲು ಅವರಿಬ್ಬರ ಬೆರಳ ಸಂದಿನಿಂದ ತಟ್ಟೆಗೆ ಇಳಿಯಿತು. "ಅಮ್ಮ, ಸ್ವಲ್ಪ ಪಕ್ಕಕ್ಕೆ, ಫ್ರೇಮಿಗೆ ಅಡ್ಡ ಬರ್ತಿದ್ದೀರಾ" ಎಂದ ಫೋಟೋದವನು. ಪರದೆಯ ಕಡೆ ಕಳ್ಳಗಣ್ಣಿನಲ್ಲಿ ನೋಡಿದೆ. ಅದರ ತುಂಬ ಬರೀ ಕೈಗಳು.

ಊಟದ ಹಾಲ್‌ನಲ್ಲಿ ಯಜಮಾನರು ಸಿಕ್ಕರು. "ಎಲ್ಲಿದ್ದೆ?"

"ಸ್ಟೇಜ್ ಮೇಲೆ. ಮಗೂಗೆ ಕುಡುಸ್ತಾ ಕುಡುಸ್ತಾನೇ ಧಾರೆ ಎರ್ದೆ, ಗೊತ್ತಾ? ಒಬ್ರಿಗೂ ಗೊತ್ತಾಗ್ಲಿಲ್ಲ."

"ಹೌದಾ? ಬಾ ಬಾ, ಹೋಳಿಗೆ ಖಾಲಿ ಆಗ್ಬುಡುತ್ತೆ."

ಅದಾದ ಮೇಲೆ ಬಸ್ಸು, ಬ್ಯಾಂಕು, ಪಾರ್ಕಿನ ಬೆಂಚು, ಎಲ್ಲೆಂದರಲ್ಲಿ ಕೂತು ಕುಡಿಸಿದೆ. ಆನೆಯ ಬಟ್ಟೆ ಮಿಕ್ಸಿಗೆ ಹೊದಿಸಿದ್ದೇನೆ. ಜನ ನೋಡುವುದಿಲ್ಲ, ನೋಡಿದರೂ ಬೇಗ ಕಣ್ಣು ತೆಗೆಯುತ್ತಾರೆ. ಪಾರ್ಕಿನಲ್ಲಿ ಪಕ್ಕ ಕೂತವರು ಮರ್ಯಾದೆಯಿಂದ ಆಚೆ ಬೆಂಚಿಗೆ ಎದ್ದು ಹೋಗುತ್ತಾರೆ. ಆಮೇಲೆ ಬೆಂಚು ಪೂರ್ತಿ ನಮ್ಮದೇ.

ಮಗಳು ನಡೆಯುವುದನ್ನು ಕಲಿತ ಮೇಲೆ ಅಕ್ಕನ ಮಗಳು ಮದುವೆ ಆಲ್ಬಮ್ ಹಿಡಿದುಕೊಂಡು ಮನೆಗೆ ಬಂದಳು. ಪುಟ ತಿರುಗಿಸುತ್ತ ಅವಳೇ ತೆಗೆದಳು ಮಾತನ್ನು. "ಧಾರೆಗೆ ನೀನ್ ಬರ್ಲೇ ಇಲ್ವಲ್ಲ ಚಿಕ್ಕಮ್ಮ. ನಾನ್ ಕಾಯ್ತಾನೇ ಇದ್ದೆ."

ಧಾರೆಯ ಪುಟದಲ್ಲಿ ಹುಡುಕಿ, ಒಂದು ಕೈಯ ಮೇಲೆ ಬೆರಳಿಟ್ಟೆ. ಮುಂಗೈ, ಹಸಿರು ಬಳೆ, ಗಿಂಡಿ. ಅಷ್ಟೇ. "ಇದು ನಾನು ಕಣೇ."

ಅವಳು ಆಲ್ಬಮ್ ಹತ್ತಿರ ತಂದುಕೊಂಡಳು. ನಾನು ನನ್ನ ಕೈಯನ್ನು ಫೋಟೋದ ಪಕ್ಕ ಇಟ್ಟೆ. ಅವಳು ಅದನ್ನೊಮ್ಮೆ ಇದನ್ನೊಮ್ಮೆ ನೋಡಿದಳು.

"ಇದ್ರಲ್ಲಿ ಉಂಗುರ ಇಲ್ವಲ್ಲ?"

"ಆಗ ಬೆರಳು ಊದಿತ್ತು. ಹಾಕ್ತಿರ್ಲಿಲ್ಲ."

"ಓ" ಎಂದಳು. ನಂಬಿದಳೋ, ನನ್ನ ಮನಸ್ಸು ನೋಯಿಸಬಾರದೆಂದು ಹಾಗಂದಳೋ ಗೊತ್ತಾಗಲಿಲ್ಲ. ಪುಟ ತಿರುಗಿಸಿದಳು. ಮುಂದಿನ ಪುಟದಲ್ಲಿ ಯಜಮಾನರಿದ್ದರು, ಕೈಯಲ್ಲಿ ಹೋಳಿಗೆ ಹಿಡಿದು, ಮುಖ ಪೂರ್ತಿ ಕಾಣುವಂತೆ.