ಚೀನಾ ಗ್ರಾಸಿನ ಹೊಟ್ಟೆ

೧೯೮೮ರಲ್ಲಿ, ಏಳನೇ ಕ್ಲಾಸಿನಲ್ಲಿ, ನಾನು ಓದು ನಿಲ್ಲಿಸಿದೆ. ಓದೇ ನನ್ನನ್ನು ಬಿಟ್ಟಿತು ಎನ್ನುವವರಿದ್ದಾರೆ. ಅವರ ಮನೆ ಮದುವೆಗೂ ಅಡುಗೆ ಮಾಡಿ ಹಾಕಿದ್ದೇನೆ. ಕಡೂರು, ತರೀಕೆರೆ, ಅಜ್ಜಂಪುರದ ಕಡೆ ನಾನು ಅಕ್ಕಿ, ಬೆಲ್ಲ, ಕಾಯಿಹಾಲು ಕಾಯಿಸಿ ತಟ್ಟೆಗೆ ಎರೆದ ಹಾಲುಬಾಯಿ ಇಳಿಯದ ಹೊಟ್ಟೆ ಕಡಿಮೆ. ಹೊಟ್ಟೆ ತುಂಬಿಸುವುದು ಗೊತ್ತಿತ್ತು. ಹೊಟ್ಟೆಯನ್ನೇ ಮಾಡಿಕೊಡಿ ಎಂದು ಯಾರಾದರೂ ಕೇಳಿಯಾರೆಂದು ಮಾತ್ರ ಗೊತ್ತಿರಲಿಲ್ಲ.

ಕೇಳಿದವರು ನಮ್ಮೂರಿನ ಸರ್ಜನ್ ಮೇಡಂ. ಹಿರೇನಲ್ಲೂರಿನ ಒಂದು ಮದುವೆಯಲ್ಲಿ ಎಲೆಯ ಮೇಲಿನ ಹಾಲುಬಾಯಿಯನ್ನು ತಿನ್ನದೆ ಬೆರಳಲ್ಲಿ ಒತ್ತಿ ಒತ್ತಿ ನೋಡುತ್ತಿದ್ದರು. ಹದ ತಪ್ಪಿತೇನೋ ಎಂದು ಹತ್ತಿರ ಹೋದೆ.

"ಯಜಮಾನ್ರೇ, ಇದು ಮನುಷ್ಯನ ಹೊಟ್ಟೆ ಇದ್ದಂಗೇ ಇದೆ ಕಣ್ರೀ," ಅಂದರು. ಇಂಥ ಹೊಗಳಿಕೆ ಇನ್ನೊಬ್ಬ ಅಡುಗೆಯವನಿಗೆ ಸಿಕ್ಕಿರಲಾರದು.

ವಿಷಯ ಇಷ್ಟು: ಬಿದ್ದು ಪೆಟ್ಟಾದವರ ಹೊಟ್ಟೆಯೊಳಗೆ ರಕ್ತ ಸೋರಿದೆಯೇ ಎಂದು ಸ್ಕ್ಯಾನಿಂಗಿನಲ್ಲಿ ಹುಡುಕುವುದನ್ನು ಹೊಸ ಸರ್ಜನ್‌ಗಳು ಕಲಿಯಬೇಕು. ನೋವಿನಲ್ಲಿ ಒದ್ದಾಡುವವರ ಮೇಲೆ ಕಲಿಯುವುದು ಬೇಡ, ಒಂದು ಸುಳ್ಳು ಹೊಟ್ಟೆ ಬೇಕು. ಸೋಮವಾರದೊಳಗೆ ಆಗದಿದ್ದರೆ ತರಬೇತಿ ಬೇರೆ ಊರಿಗೆ ಹೋಗುತ್ತದೆ. "ನನ್ ಕೈಲಾಗದ್ದು ಏನೈತೆ ಮೇಡಂ?" ಅಂದುಬಿಟ್ಟೆ. ನನ್ನ ಬಾಯಿ ಯಾವಾಗಲೂ ಕೈಗಿಂತ ಒಂದು ಹೆಜ್ಜೆ ಮುಂದೆ.

ಮಾಡುವ ಕ್ರಮವನ್ನು ಮೇಡಂ ಹೇಳಿಕೊಟ್ಟರು: ಜೆಲ್ಲಿ ಕಟ್ಟುವ ಚೀನಾ ಗ್ರಾಸ್ ಕಾಯಿಸಿ ಎರೆಯಬೇಕು. ಪರದೆಯ ಮೇಲೆ ಮಾಂಸದಂತೆ ಬೂದಾಗಿ ಕಾಣಲು ಇಸಬ್ಗೋಲ್ ಬೆರೆಸಬೇಕು. ರಕ್ತದ ಬದಲು ನೀರು ತುಂಬಿದ ಬಲೂನು ಒಳಗಿಡಬೇಕು. ಹೊಟ್ಟೆ ಕಟ್ಟಿದವರು ನುಂಗುವ ಇಸಬ್ಗೋಲು ಹೊಟ್ಟೆ ಕಟ್ಟುವುದಕ್ಕೂ ಬರುತ್ತದೆಂದು ಐವತ್ತು ದಾಟಿದ ಮೇಲೆ ಕಲಿತೆ.

ಶುಕ್ರವಾರ ಮೊದಲ ಹೊಟ್ಟೆಯನ್ನು ಆಸ್ಪತ್ರೆಗೆ ಒಯ್ದೆ. ಮೇಡಂ ಜೆಲ್ ಸವರಿ ಸ್ಕ್ಯಾನಿಂಗ್ ಯಂತ್ರದ ಹಿಡಿ, ಅಂದರೆ ಪ್ರೋಬ್, ಇಟ್ಟರು. ಪರದೆ ತುಂಬ ಬಿಳಿ ಚುಕ್ಕೆ, ಒಂದೊಂದರ ಕೆಳಗೂ ಕಪ್ಪು ನೆರಳು. ಬಲೂನಿನ ಪತ್ತೆಯಿಲ್ಲ.

"ಏನ್ರೀ ಇದು, ಮೈಯೆಲ್ಲ ಕಲ್ಲು!"

"ಗೋಡಂಬಿ, ಮೇಡಂ."

"ಗೋಡಂಬೀನಾ? ಹೊಟ್ಟೇಗಾ?"

"ಬೋಳು ತಟ್ಟೆ ಕಳ್ಸಿ ಅಭ್ಯಾಸ ಇಲ್ಲ..."

ಎರೆದ ತಟ್ಟೆಗೆ ಗೋಡಂಬಿ ಒತ್ತದೆ ಹೊರಗೆ ಕಳಿಸುವುದು ನಮ್ಮ ಕಸುಬಿನಲ್ಲಿ ಮರ್ಯಾದೆಯಲ್ಲ. ಕೈ ತಾನಾಗಿಯೇ ಒತ್ತಿತ್ತು. ಏಲಕ್ಕಿಯನ್ನೂ ಹಾಕಿದ್ದೆ, ಅದನ್ನು ಬಾಯಿಬಿಡಲಿಲ್ಲ.

ಮನೆಯವಳು ಬಿದ್ದು ಬಿದ್ದು ನಕ್ಕಳು. "ದ್ರಾಕ್ಷಿ ಒಂದು ಬಿಟ್ಬಿಟ್ರಲ್ಲ! ಈ ಸಲ ಎರೆದ ಮ್ಯಾಲೆ ಕೈ ಕಟ್ಕೊಂಡು ಕೂತ್ಕಳಿ." ಹೇಳಿದ್ದಷ್ಟೇ ಅಲ್ಲ, ಗೋಡಂಬಿ ಡಬ್ಬಿಯನ್ನೇ ಬಚ್ಚಿಟ್ಟಳು.

ಸೋಮವಾರ ಎರಡನೇ ಹೊಟ್ಟೆ ಬೋಳಾಗಿಯೇ ಹೋಯಿತು. ಅಜ್ಜಂಪುರದಿಂದ ಬಂದಿದ್ದ ಹೊಸ ಸರ್ಜನ್ ಪ್ರೋಬನ್ನು ಹಿಡಿದು ಅದುಮಿದರು. ಅದುಮಿದಷ್ಟೂ ಬಲೂನು ಚಪ್ಪಟೆಯಾಗಿ, ಏನೂ ಕಾಣದು. ಅವರ ಹಣೆಯಲ್ಲಿ ಬೆವರು. ನನ್ನ ಹಣೆಯಲ್ಲಿ ಅದರ ಎರಡರಷ್ಟು. ಮೇಡಂ ನನ್ನ ಹೊಟ್ಟೆಯನ್ನು ಅನುಮಾನದಿಂದ ನೋಡುತ್ತಿದ್ದರು, ಅಂದರೆ ಮೇಜಿನ ಮೇಲಿದ್ದದ್ದನ್ನು. ತಡೆಯಲಾಗಲಿಲ್ಲ.

"ಡಾಕ್ಟ್ರೇ, ಅದು ಚಪಾತಿ ಹಿಟ್ಟಲ್ಲ. ತಟ್ಟೆಗೆ ತುಪ್ಪ ಸವರ್ದಂಗೆ ಹೋಗ್ಲಿ ಕೈ."

ಎಲ್ಲರೂ ನನ್ನ ಕಡೆ ತಿರುಗಿದರು. ಮೇಡಂ ಮಾತ್ರ, "ಅವ್ರು ಹೇಳ್ದಂಗೆ ಮಾಡಪ್ಪ," ಅಂದರು.

ಕೈ ಹಗುರಾಯಿತು. ಬೂದು ಪರದೆಯಲ್ಲಿ ಒಂದು ಕಪ್ಪು ಮಡು ಮೆಲ್ಲಗೆ ಕಣ್ಣು ಬಿಟ್ಟಿತು. "ಸಿಕ್ತು!" ಎಂದು ಆ ಡಾಕ್ಟರು ಕೂಗಿದ್ದು ಬಾಗಿಲಾಚೆಗೂ ಕೇಳಿರಬೇಕು. ಎಷ್ಟೇ ಓದಿದವರಿಗೂ ವಿದ್ಯೆ ಕೊನೆಗೆ ಕೈಗೆ ಇಳಿಯಲೇಬೇಕು. ನನಗೆ ನೇರವಾಗಿ ಅಲ್ಲಿಗೇ ಬಂದಿತ್ತು, ಅಷ್ಟೇ. ಆಮೇಲೆ ಮೇಡಂ ತಮಗೆ ಇನ್ನೊಂದು, ತರೀಕೆರೆಗೊಂದು, ಅಜ್ಜಂಪುರಕ್ಕೊಂದು ಹೊಟ್ಟೆ ಬೇಕೆಂದರು.

ಈಗ ನನ್ನ ಹತ್ತಿರ ದೊಡ್ಡ ಕಡಾಯಿ ಎರಡು, ತಟ್ಟೆ ಹದಿನಾಲ್ಕು, ಫ್ರಿಜ್ಜಿನೊಳಗೆ ಸುಳ್ಳು ಹೊಟ್ಟೆ ಮೂರು, ಅಂಗಿಯೊಳಗೆ ನಿಜದ್ದು ಒಂದು. ಮೂರೂ ಪರೀಕ್ಷೆ ಪಾಸಾಗಿವೆ, ನಾಲ್ಕನೆಯದಕ್ಕೆ ಹಸಿವಾಗಿದೆ.